ಬೀಳುವುದನ್ನೂ ಕಲಿಯಬೇಕೆ?

ಸಂಗೀತಕ್ಕೆ ಫೀಸು ಕೊಡುತ್ತೇವೆ, ಸರಿ. ಹೊಲಿಗೆಗೆ ಕೊಡುತ್ತೇವೆ. ಗಣಿತದ ಟ್ಯೂಷನ್ನಿಗಂತೂ ಹೊಟ್ಟೆಬಟ್ಟೆ ಕಟ್ಟಿಯಾದರೂ ಕೊಡುತ್ತೇವೆ. ಆದರೆ ಬೀಳುವುದಕ್ಕೆ ಫೀಸು ಕೊಟ್ಟವರನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ಕೊಟ್ಟೆ. ತಿಂಗಳಿಗೆ ಐನೂರು ರೂಪಾಯಿಯಂತೆ ಎಣಿಸಿ ಕೊಟ್ಟು, ಮಗಳು ಒಂದೂವರೆ ತಿಂಗಳು ಬರೀ ಬಿದ್ದು ಎದ್ದು, ಎದ್ದು ಬಿದ್ದು ಮನೆಗೆ ಬರುವುದನ್ನು ನೋಡಿ ಹೊಟ್ಟೆ ಉರಿಸಿಕೊಂಡೆ. ಈಗ ಅದೇ ನಾನು ಜೂಡೊ ಎಂದರೆ ಬೇರೆ ಮಾತಾಡುತ್ತೇನೆ. ಹಾಗೇಕೆ ಎಂದು ನೆರೆಹೊರೆಯವರು ಕೇಳಿ, ಒಬ್ಬೊಬ್ಬರಿಗೂ ಹೇಳಿ ನನಗೆ ಸಾಕಾಗಿದೆ. ಒಂದು ಸಲ ಬರೆದೇ ಬಿಡೋಣ ಎಂದು ಕುಳಿತಿದ್ದೇನೆ.

ನಮ್ಮದು ತೆಂಗಿನ ಸೀಮೆಯ ಒಂದು ಸಣ್ಣ ಊರು. ಸಂಜೆ ಏಳರ ಮೇಲೆ ಬಸ್ ಸ್ಟ್ಯಾಂಡಿನ ರಸ್ತೆ ಬಿಟ್ಟರೆ ಮಿಕ್ಕ ಕಡೆಯೆಲ್ಲ ನಾಯಿಗಳದೇ ರಾಜ್ಯ. ಹೋದ ವರ್ಷ ಮಗಳು ಎಂಟನೆಯ ತರಗತಿಯಲ್ಲಿದ್ದಳು. ಟ್ಯೂಷನ್ ಮುಗಿಸಿ ಬರುವಾಗ ಬೈಕಿನವನೊಬ್ಬ ಮೂರು ದಿನ ಅವಳ ಹಿಂದೆಯೇ ನಿಧಾನಕ್ಕೆ ಬಂದನಂತೆ. ಅವಳು ಮನೆಯಲ್ಲಿ ಬಾಯಿ ಬಿಡಲಿಲ್ಲ. ಪಕ್ಕದ ಮನೆಯ ಹುಡುಗಿ ಅವಳಮ್ಮನಿಗೆ ಹೇಳಿ, ಅವರು ನನಗೆ ಹೇಳಿದರು. ನಮ್ಮ ಯಜಮಾನರು ಕೇಳಿದ ಕೂಡಲೇ, "ಟ್ಯೂಷನ್ ಬಿಡಿಸಿಬಿಡು" ಎಂದರು. ನನಗೆ ರೇಗಿತು. "ಅವನ್ಯಾವನೋ ಬೈಕ್ ಓಡಿಸಿದ್ದಕ್ಕೆ ನಮ್ಮ ಹುಡುಗಿ ಯಾಕ್ರೀ ಲೆಕ್ಕ ಬಿಡ್ಬೇಕು?" ಎಂದೆ. ಆಮೇಲೆ ಅವರೇ ಒಂದು ವಾರ ಅಂಗಡಿ ಬಿಟ್ಟು ಟ್ಯೂಷನ್ ಬಾಗಿಲಲ್ಲಿ ನಿಂತರು. ಬೈಕಿನವನು ಆ ವಾರ ಕಾಣಲಿಲ್ಲ. ಆದರೆ ವ್ಯಾಪಾರ ಬಿಟ್ಟು ದಿನಾ ನಿಲ್ಲುವುದಕ್ಕಾಗುತ್ತದೆಯೇ? ಹೀಗೆ ನಮ್ಮ ಮನೆಗೆ ಕರಾಟೆಯ ಮಾತು ಬಂತು.

ಕರಾಟೆ ಎಂದರೆ ನಿಮ್ಮ ಕಣ್ಣಿಗೂ ಅದೇ ಚಿತ್ರ ಕಟ್ಟುತ್ತದೆ, ಅಲ್ಲವೇ? ಸ್ಕೂಲ್ ಡೇ ದಿನ ಬಿಳಿ ಬಟ್ಟೆಯ ಮಕ್ಕಳು ಸಾಲಾಗಿ ನಿಂತು "ಹಾ!" ಎಂದು ಕೂಗಿ ಗಾಳಿಗೆ ಗುದ್ದುವುದು, ಕೊನೆಗೊಬ್ಬ ಮಂಗಳೂರು ಹೆಂಚುಗಳನ್ನು ಪೇರಿಸಿಟ್ಟು ಒಂದೇ ಏಟಿಗೆ ಒಡೆಯುವುದು. ನನ್ನ ಮಗಳೂ ಹಾಗೊಂದು ಹೆಂಚು ಒಡೆದುಬಿಟ್ಟರೆ ನನ್ನ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಆದರೆ ನಮ್ಮೂರಿನಲ್ಲಿ ಕರಾಟೆ ತರಗತಿ ನಡೆಯುವುದು ಊರಾಚೆಯ ಬಡಾವಣೆಯಲ್ಲಿ, ರಾತ್ರಿ ಏಳಕ್ಕೆ. ಕತ್ತಲಿನ ಭಯ ಕಳೆಯುವ ವಿದ್ಯೆಗೆ ಕತ್ತಲಲ್ಲೇ ಕಳಿಸುವುದೇ? ಅಷ್ಟರಲ್ಲಿ ನಮ್ಮ ಬೀದಿಯ ಹಿಂದೆಯೇ, ಹಳೆಯ ಅಕ್ಕಿ ಗಿರಣಿಯ ಗೋಡೌನಿನಲ್ಲಿ, ಸೈನ್ಯದಿಂದ ನಿವೃತ್ತರಾದ ಹವಾಲ್ದಾರರೊಬ್ಬರು ಜೂಡೊ ಹೇಳಿಕೊಡುತ್ತಾರೆಂದು ತಿಳಿಯಿತು. ಸಂಜೆ ಐದರಿಂದ ಆರೂಕಾಲು. "ಎರಡೂ ಒಂದೇ ಕಣೇ, ಬಿಳೀ ಬಟ್ಟೆ ಹಾಕ್ಕೊಂಡು ಹೊಡೆದಾಡೋದು" ಎಂದರು ಯಜಮಾನರು. ನಾನೂ ಇರಬಹುದೆಂದುಕೊಂಡೆ.

ಎರಡೂ ಒಂದಲ್ಲ. ಕರಾಟೆಯಲ್ಲಿ ಗುದ್ದು, ಒದೆತ ಮುಖ್ಯ. ಜೂಡೊ ಪಂದ್ಯದಲ್ಲಿ ಗುದ್ದುವಂತೆಯೂ ಇಲ್ಲ, ಒದೆಯುವಂತೆಯೂ ಇಲ್ಲ. ಎದುರಿನವರ ದಪ್ಪ ಅಂಗಿಯ ಕೊರಳಪಟ್ಟಿಯನ್ನೂ ತೋಳನ್ನೂ ಹಿಡಿದು, ಸಮತೋಲ ತಪ್ಪಿಸಿ ಕೆಡವಬೇಕು. ಕೆಡವಿದ ಮೇಲೆ ಏಳದಂತೆ ಅದುಮಿ ಹಿಡಿಯಬೇಕು. ನಮ್ಮ ಗರಡಿಮನೆಯ ಕುಸ್ತಿಗೆ ಹತ್ತಿರದ ನೆಂಟ. ಇದೆಲ್ಲ ನನಗೆ ತಿಳಿದದ್ದು ಫೀಸು ಕಟ್ಟಿದ ಮೇಲೆ.

"ಇವತ್ತೇನು ಹೇಳ್ಕೊಟ್ರು?"

"ಹಿಂದಕ್ಕೆ ಬೀಳೋದು."

ಮರುದಿನ ಕೇಳಿದರೆ, "ಪಕ್ಕಕ್ಕೆ ಬೀಳೋದು." ಆಮೇಲೆ, "ಎಡಗಡೆ ಪಕ್ಕಕ್ಕೆ." ಎರಡನೆಯ ವಾರ, ಮೂರನೆಯ ವಾರವೂ ಅದೇ ಪಲ್ಲವಿ. ನಾಲ್ಕನೆಯ ವಾರ ಬಹಳ ಸಂಭ್ರಮದಿಂದ ಬಂದು, "ಅಮ್ಮಾ, ಇವತ್ತು ಮುಂದಕ್ಕೆ ಉರುಳಿ ಬೀಳೋದು!" ಎಂದಳು. ಇದರ ನಡುವೆ ನಮ್ಮಮ್ಮನ ಫೋನು ಬೇರೆ. ಬಳೆ, ಓಲೆ, ಸರ, ಹೇರ್‌ಪಿನ್ನು ಯಾವುದೂ ಮೈಮೇಲೆ ಇರಬಾರದು, ಉಗುರು ಒತ್ತಿ ಕತ್ತರಿಸಿರಬೇಕು ಎಂಬುದು ಅಲ್ಲಿನ ಕಟ್ಟುನಿಟ್ಟು. "ಬರೀ ಕಿವೀಲಿ ಬರೀ ಕೈಲಿ ಹೆಣ್ಣುಮಗೂನ ಬೀಳೋಕೆ ಕಳಿಸ್ತೀಯಲ್ಲೇ" ಎಂದು ಅವರ ಕೊರಗು. ಆ ಅಂಗಿಯದು ಇನ್ನೊಂದು ಕಥೆ. ಒದ್ದೆಯಾದರೆ ಎರಡು ಹೊದಿಕೆಯ ಭಾರ, ಮಳೆಗಾಲದಲ್ಲಿ ಎರಡು ದಿನಕ್ಕೂ ಒಣಗದು. (ಒಗೆದ ಮೇಲೆ ಒಳಮೈ ಹೊರಗೆ ಮಾಡಿ, ತೋಳಿನೊಳಗೆ ಒಂದು ಕೋಲು ತೂರಿಸಿ ಗಾಳಿಗೆ ಹಾಕಿದರೆ ಮುಗ್ಗಲು ವಾಸನೆ ಬರುವುದಿಲ್ಲ. ಈ ಉಪಾಯ ಮಾತ್ರ ನನ್ನದೇ.)

ಒಂದೂವರೆ ತಿಂಗಳು ತುಂಬಿದ ದಿನ ನಾನೇ ಹೋದೆ. ಗೋಡೌನಿನ ನೆಲಕ್ಕೆ ತೆಂಗಿನ ನಾರಿನ ಹಾಸುಗಳನ್ನು ಒತ್ತೊತ್ತಾಗಿ ಜೋಡಿಸಿ, ಮೇಲೆ ಟಾರ್ಪಾಲು ಬಿಗಿದಿದ್ದರು. ಹದಿನಾಲ್ಕು ಮಕ್ಕಳು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಒಟ್ಟಿಗೆ ದೊಪ್ಪೆಂದು ಬೀಳುತ್ತಿದ್ದರು, ಏಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಸರ್, ನನ್ನ ಮಗಳು ಹೊಡೆಯೋದನ್ನ ಕಲೀಲಿ ಅಂತ ಕಳಿಸಿದ್ದು, ಬೀಳೋದನ್ನಲ್ಲ" ಎಂದೆ. ಮೇಷ್ಟ್ರು ಸಿಟ್ಟಾಗಲಿಲ್ಲ. "ಈ ತಿಂಗಳು ಮುಗೀಲಿ ತಾಯಿ, ಆಮೇಲೆ ನಿಮ್ಮಿಷ್ಟ" ಎಂದಷ್ಟೇ ಹೇಳಿ ಮತ್ತೆ ಎಣಿಸತೊಡಗಿದರು. ದಾರಿಯುದ್ದಕ್ಕೂ ನಾನು ಮಗಳ ಹತ್ತಿರ ಮಾತಾಡಲಿಲ್ಲ.

ನನ್ನ ಸಿಟ್ಟು ಐನೂರು ರೂಪಾಯಿಯದಷ್ಟೇ ಆಗಿರಲಿಲ್ಲ. ಇಲ್ಲಿ ಒಂದು ಹಳೆಯ ಮಾತು ಹೇಳಬೇಕು.

ನಾಲ್ಕು ವರ್ಷದ ಹಿಂದೆ ನಮ್ಮ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದರು. ಎಪ್ಪತ್ತಮೂರು ವರ್ಷ, ಆದರೂ ಬೀಳುವ ದಿನದವರೆಗೆ ಮನೆಯ ರಂಗೋಲಿ ಅವರದೇ. ಆ ಬೆಳಗ್ಗೆ ಬಚ್ಚಲಿಂದ, "ಟವೆಲ್ ಕೊಡೇ" ಎಂದು ಕೂಗಿದರು. "ಬಂದೆ ಅತ್ತೆ, ಒಗ್ಗರಣೆ ಸೀದುಹೋಗುತ್ತೆ" ಎಂದೆ. ಸಾಸಿವೆ ಸಿಡಿಯುವಷ್ಟು ಹೊತ್ತು. ಅವರೇ ಟವೆಲಿಗೆ ಕೈ ಚಾಚಿರಬೇಕು. ಆ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಸೊಂಟದ ಮೂಳೆ ಮುರಿದಿತ್ತು. ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಆಯಿತು, ರಾಡು ಹಾಕಿದರು. ಆದರೆ ಮತ್ತೆ ಸರಿಯಾಗಿ ನಡೆಯಲಿಲ್ಲ. ಹಾಸಿಗೆ ಹಿಡಿದರು, ಬೆನ್ನಿಗೆ ಹುಣ್ಣಾಯಿತು, ಎದೆಗೆ ಕಫ ಕಟ್ಟಿತು. ಏಳನೆಯ ತಿಂಗಳಿಗೆ ಹೊರಟುಹೋದರು. ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ, ಅವರೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತೋ ಏನೋ.

ಅಂದಿನಿಂದ ನಮ್ಮ ಮನೆಯಲ್ಲಿ 'ಬೀಳುವುದು' ಎನ್ನುವ ಮಾತನ್ನೇ ಯಾರೂ ಹಗುರವಾಗಿ ಆಡುವುದಿಲ್ಲ. ಅಂಥ ಮನೆಯಲ್ಲಿ ಮಗಳು ಜಮಖಾನ ಹಾಸಿಕೊಂಡು ದೊಪ್ಪ ದೊಪ್ಪ ಎಂದು ಬೀಳುವ ಅಭ್ಯಾಸ ಮಾಡಿದರೆ ನನಗೆ ಹೇಗಾಗಬೇಡ, ನೀವೇ ಹೇಳಿ.

ಆ ತಿಂಗಳು ಮುಗಿಯುವ ಮೊದಲೇ ಬಿದ್ದದ್ದು ನಾನು. ಆಷಾಢದ ಜಡಿಮಳೆ, ಹಿತ್ತಿಲಿನ ಒಗೆಯುವ ಕಲ್ಲಿನ ಸುತ್ತ ಪಾಚಿ. ಒಗೆದ ಬಟ್ಟೆಯ ಬಕೆಟ್ಟು ಎತ್ತಿಕೊಂಡು ತಿರುಗಿದೆ, ಕಾಲು ಜಾರಿತು, ಬಲಗೈ ಊರಿದೆ. ಕಟ್ ಎಂದಿತು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಮಣಿಕಟ್ಟು ಮುರಿದಿದೆ. ಬೀಳೋರು ಎಲ್ಲರೂ ಮಾಡೋದೇ ಇದು, ಅಂಗೈ ಊರ್ತಾರೆ. ಮೈಭಾರವೆಲ್ಲ ಈ ಸಣ್ಣ ಜಾಗಕ್ಕೆ ಬೀಳುತ್ತೆ. ನಲವತ್ತು ಐವತ್ತು ದಾಟಿದ ಹೆಂಗಸರಲ್ಲಿ ನಾನು ದಿನಾ ನೋಡೋ ಮೂಳೆ ಇದು" ಎಂದರು. ಆರು ವಾರ ಪ್ಲಾಸ್ಟರ್. ಯಜಮಾನರು, "ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ, ನಿಂಗೆ ಮೀಸೆ ಇಲ್ಲ, ಅದಕ್ಕೇ ಕೈ ಹೋಯ್ತು" ಎಂದು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ.

ಮಗಳು ಮಾತ್ರ ಪ್ಲಾಸ್ಟರನ್ನೇ ನೋಡುತ್ತಾ, "ಅಮ್ಮಾ, ನೀನು ಕೈ ಊರಿದೀಯ. ಮೊದಲನೇ ದಿನವೇ ಸರ್ ಹೇಳ್ತಾರೆ, ಯಾವತ್ತೂ ಅಂಗೈ ಊರಬಾರದು ಅಂತ" ಎಂದಳು. ಬೇರೆ ದಿನವಾಗಿದ್ದರೆ ತಲೆಗೆ ಮೊಟಕುತ್ತಿದ್ದೆ. ಅವತ್ತು ಕೈಯೂ ಏಳುವಂತಿರಲಿಲ್ಲ. "ಮತ್ತೇನು ಮಾಡ್ಬೇಕಿತ್ತು, ತೋರ್ಸು ನೋಡೋಣ" ಎಂದೆ.

ಜಮಖಾನದ ಮೇಲೆ ಅವಳು ತೋರಿಸಿದಳು. ಹಿಂದಕ್ಕೆ ಬೀಳುವಾಗ ಮೊದಲು ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ತಲೆಯ ಹಿಂಭಾಗ ನೆಲ ಮುಟ್ಟಬಾರದು. ಮೊಣಕಾಲು ಮಡಚಿ ಮೈಯನ್ನು ಆದಷ್ಟು ನೆಲಕ್ಕೆ ತಗ್ಗಿಸಬೇಕು. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಉರುಳಬೇಕು. ಬೆನ್ನು ನೆಲ ಮುಟ್ಟುವ ಹೊತ್ತಿಗೆ ಎರಡೂ ತೋಳುಗಳನ್ನು ಮೈಯಿಂದ ಸ್ವಲ್ಪ ದೂರಕ್ಕೆ, ಭುಜಕ್ಕಿಂತ ಕೆಳಗೆ, ಅಂಗೈಯಿಂದ ಮೊಣಕೈವರೆಗೆ ಒಟ್ಟಿಗೆ ನೆಲಕ್ಕೆ ಅಪ್ಪಳಿಸಬೇಕು. ಉಸಿರು ಬಿಡಬೇಕು, ಹಿಡಿಯಬಾರದು. ಪಕ್ಕಕ್ಕೆ ಬಿದ್ದರೆ ಒಂದೇ ತೋಳು. ಈ ಬೀಳುವ ವಿದ್ಯೆಗೆ ಜಪಾನಿ ಭಾಷೆಯಲ್ಲಿ 'ಉಕೆಮಿ' ಎಂದು ಹೆಸರು. ಅದರ ಗುಟ್ಟು ಇಷ್ಟೆ: ಸುತ್ತಿಗೆಯ ಏಟು ಮೊಳೆಯ ಮೇಲೆ ಬಿದ್ದರೆ ಮೊಳೆ ಒಳಕ್ಕೆ ಹೋಗುತ್ತದೆ, ಅದೇ ಏಟು ಅಗಲವಾದ ಹಲಗೆಯ ಮೇಲೆ ಬಿದ್ದರೆ ಬರೀ ಸದ್ದು. ನಾನು ನನ್ನ ಮಣಿಕಟ್ಟನ್ನು ಮೊಳೆ ಮಾಡಿಕೊಂಡಿದ್ದೆ.

ಅವಳು ಎದ್ದು ನಿಂತು ಮತ್ತೊಮ್ಮೆ ಬಿದ್ದಳು. ಆ ದೊಪ್ಪೆನ್ನುವ ಸದ್ದು ನನಗೆ ಮೊದಲ ಬಾರಿಗೆ ಬೇರೆಯಾಗಿ ಕೇಳಿಸಿತು.

ಪ್ಲಾಸ್ಟರ್ ಕೈಯಲ್ಲಿ ಚಪಾತಿಯಿಲ್ಲ, ತರಕಾರಿ ಹೆಚ್ಚುವಂತಿಲ್ಲ. ತಂಗಿ ಬಂದು ಅಡುಗೆ ನೋಡಿಕೊಂಡಳು. ಮದುವೆಯಾದ ಮೇಲೆ ಮೊದಲ ಸಲ ಸಂಜೆ ಐದಕ್ಕೆ ನನಗೆ ಕೆಲಸವಿರಲಿಲ್ಲ. ಒಂದು ಸ್ಟೂಲು ಹಾಕಿಸಿಕೊಂಡು ಗೋಡೌನಿನ ಮೂಲೆಯಲ್ಲಿ ಕೂತೆ. ಮೇಷ್ಟ್ರು ನನ್ನ ಕೈ ನೋಡಿದರು, ಏನೂ ಹೇಳಲಿಲ್ಲ. ದೊಡ್ಡ ಮನುಷ್ಯರು.

ಆ ಹೊತ್ತಿಗೆ ಮಕ್ಕಳು ಕೆಡವುವುದನ್ನು ಶುರುಮಾಡಿದ್ದರು. ನನ್ನ ಮಗಳು ಮೂವತ್ತೆಂಟು ಕೆ.ಜಿ. ಅವಳಿಗೆ ಜೋಡಿಯಾಗಿ ಹತ್ತನೆಯ ತರಗತಿಯ ಹುಡುಗಿ, ಐವತ್ತರ ಮೇಲೆ. ಇವಳು ಅವಳನ್ನು ಎತ್ತಲು ಹೋಗಿ ಹೋಗಿ ಸೋಲುತ್ತಿದ್ದಳು. ಮೇಷ್ಟ್ರು, "ಎತ್ತಬೇಡ. ಮೊದಲು ಅವಳನ್ನ ಕಾಲ್ಬೆರಳ ಮೇಲೆ ತಾ" ಎಂದರು. ನನಗೆ ತಟ್ಟನೆ ಹೊಳೆಯಿತು. ನೀವು ಭರ್ತಿ ಗ್ಯಾಸ್ ಸಿಲಿಂಡರನ್ನು ಹೇಗೆ ಅಡುಗೆಮನೆಗೆ ತರುತ್ತೀರಿ? ಮೂವತ್ತು ಕೆ.ಜಿ.ಯನ್ನು ಎತ್ತುತ್ತೀರಾ? ಇಲ್ಲ. ಸ್ವಲ್ಪ ಓರೆ ಮಾಡಿ, ಅಂಚಿನ ಮೇಲೆ ನಿಲ್ಲಿಸಿ, ಬೆರಳಲ್ಲಿ ತಿರುಗಿಸುತ್ತಾ ಉರುಳಿಸಿಕೊಂಡು ಬರುತ್ತೀರಿ. ಅಂಚಿನ ಮೇಲೆ ನಿಂತ ಸಿಲಿಂಡರ್ ಮಗುವಿನ ಮಾತೂ ಕೇಳುತ್ತದೆ. ಜೂಡೊ ಅದೇ. ಎದುರಿನವಳು ತಳ್ಳಿದರೆ ನೀನೂ ತಳ್ಳಬೇಡ, ಎಳೆ. ಅವಳ ಬಲವೇ ಅವಳನ್ನು ಅಂಚಿಗೆ ತರುತ್ತದೆ. ಮನೆಗೆ ಬಂದು ಮಗಳಿಗೆ ಸಿಲಿಂಡರ್ ಉರುಳಿಸಲು ಹೇಳಿದೆ. ಆ ವಾರವೇ ಅವಳು ಆ ದೊಡ್ಡ ಹುಡುಗಿಯನ್ನು ಕೆಡವಿದಳು.

ಕೆಡವಿದಾಗ ಇನ್ನೊಂದನ್ನು ಕಂಡೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಬೀಳುತ್ತಿರುವವಳ ಅಂಗಿಯ ತೋಳನ್ನು ಕೆಡವಿದವಳು ಬಿಡುವಂತಿಲ್ಲ. ಕೊನೆಯ ಗಳಿಗೆಯಲ್ಲಿ ತೋಳನ್ನು ಮೇಲಕ್ಕೆ ಎಳೆದು ಹಿಡಿಯಬೇಕು. ಆಗ ಬೀಳುವವಳ ತಲೆ ನೆಲಕ್ಕೆ ಬಡಿಯುವುದಿಲ್ಲ, ಮೈ ಪಕ್ಕಕ್ಕೆ ಹಗುರಾಗಿ ಇಳಿಯುತ್ತದೆ. ನನ್ನ ಮಗಳು ಗೆದ್ದ ಖುಷಿಯಲ್ಲಿ ಕೈಬಿಟ್ಟಳು. ಮೇಷ್ಟ್ರು ಅವತ್ತು ಮೊದಲ ಸಲ ಗದರಿದ್ದನ್ನು ಕೇಳಿದೆ: "ಕೆಡವಿದೋಳೇ ಹಿಡ್ಕೋಬೇಕು! ಅವಳಿಲ್ಲದಿದ್ರೆ ನೀನು ಯಾರ ಜೊತೆ ಕಲೀತೀಯ?" ಆ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತು ಬಂದೆ.

ಈ ವಿದ್ಯೆ ಹುಟ್ಟಿದ ಕಥೆಯನ್ನು ಮೇಷ್ಟ್ರಿಂದ ಅಷ್ಟು, ಮಗಳು ಮೊಬೈಲಿನಲ್ಲಿ ಓದಿ ಹೇಳಿದ್ದರಿಂದ ಇಷ್ಟು ಕೇಳಿ ತಿಳಿದುಕೊಂಡೆ. 1860ರಲ್ಲಿ ಹುಟ್ಟಿದ ಜಿಗೊರೊ ಕಾನೊ ಎಂಬ ಜಪಾನಿ ಹುಡುಗ ಗಿಡ್ಡ, ಸಣಕಲು. ಶಾಲೆಯಲ್ಲಿ ದಾಂಡಿಗರ ಕಾಟ ತಾಳಲಾರದೆ ಜುಜುತ್ಸು ಎಂಬ ಹಳೆಯ ಮಲ್ಲವಿದ್ಯೆ ಕಲಿತ. ಅದರಿಂದ ಅಪಾಯದ ಏಟುಗಳನ್ನು ಅಭ್ಯಾಸದಿಂದ ಬೇರೆಯಿಟ್ಟು, ಮಿಕ್ಕದ್ದನ್ನು ಒಪ್ಪ ಮಾಡಿ, 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆ ಹಾಸುವಷ್ಟು ಜಾಗದಲ್ಲಿ ಶಾಲೆ ಶುರುಮಾಡಿದ. ಅದೇ ಕೊಡೊಕಾನ್. 'ಜೂ' ಎಂದರೆ ಮೃದು, 'ಡೊ' ಎಂದರೆ ದಾರಿ. ಮೃದುವಿನ ದಾರಿ! ಹೆಂಚು ಒಡೆಯುವುದನ್ನು ಬಯಸಿ ಹೋದ ನಾನು ಬಂದು ಸೇರಿದ್ದು ಎಲ್ಲಿಗೆ ನೋಡಿ.

ಆದರೆ ಈ ಮೃದುವಿನ ದಾರಿಯೂ ಹೆಂಗಸರಿಗೆ ಸಲೀಸಾಗಿ ಬಾಗಿಲು ತೆರೆಯಲಿಲ್ಲ. ಕಾನೊನ ಗುರುಗಳ ಮೊಮ್ಮಗಳು ಕೆಯ್ಕೊ ಫುಕುದಾ ಎಂಬಾಕೆ 1935ರಲ್ಲಿ ಕೊಡೊಕಾನಿನ ಮಹಿಳಾ ವಿಭಾಗಕ್ಕೆ ಸೇರಿದಳು. ಐದಡಿಯೂ ಇಲ್ಲದ ಹೆಣ್ಣು. ಮದುವೆಯಾದರೆ ಜೂಡೊ ಬಿಡಬೇಕಾಗುತ್ತದೆ ಎಂದು ಮದುವೆಯನ್ನೇ ಬಿಟ್ಟಳು. ಐದನೆಯ ದರ್ಜೆಯ ಮೇಲೆ ಹೆಂಗಸರಿಗೆ ಬಡ್ತಿಯಿಲ್ಲ ಎಂದು ವರ್ಷಗಟ್ಟಲೆ ಆಕೆಯನ್ನು ಅಲ್ಲೇ ನಿಲ್ಲಿಸಿದ್ದರು. 1972ರಲ್ಲಷ್ಟೇ ಆರನೆಯದು ಸಿಕ್ಕಿತು. ಅತ್ಯುನ್ನತವಾದ ಹತ್ತನೆಯ ದರ್ಜೆ 2011ರಲ್ಲಿ ಅಮೆರಿಕದಲ್ಲಿ ಸಿಕ್ಕಾಗ ಅಜ್ಜಿಗೆ 98 ವರ್ಷ. 2013ರಲ್ಲಿ ತೀರಿಕೊಳ್ಳುವವರೆಗೂ ಜೂಡೊವೇ ಆಕೆಯ ಬದುಕು.

ಇನ್ನೊಬ್ಬಳು ಅಮೆರಿಕದ ರಸ್ಟಿ ಕನೊಕೊಗಿ. 1959ರಲ್ಲಿ ಕೂದಲು ಕತ್ತರಿಸಿ, ಎದೆಗೆ ಪಟ್ಟಿ ಬಿಗಿದು, ಗಂಡಸರ ತಂಡದಲ್ಲಿ ಸೇರಿ ತನ್ನ ಪಂದ್ಯ ಗೆದ್ದಳು. ಹೆಣ್ಣೆಂದು ತಿಳಿದ ಕೂಡಲೇ ಪದಕ ಕಿತ್ತುಕೊಂಡರು. ಆಕೆ ಸುಮ್ಮನಾಗಲಿಲ್ಲ. 1980ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಮಹಿಳಾ ವಿಶ್ವ ಜೂಡೊ ಪಂದ್ಯಾವಳಿ ನಡೆಸಲು ಸ್ವಂತ ಮನೆಯನ್ನೇ ಅಡವಿಟ್ಟಳಂತೆ. ಮನೆ ಅಡವಿಡುವುದೆಂದರೆ ಏನು ಎಂದು ನಿಮಗೆ ಹೇಳಬೇಕಾಗಿಲ್ಲ. ಗಂಡಸರ ಜೂಡೊ 1964ರಲ್ಲೇ ಒಲಿಂಪಿಕ್ಸ್ ಸೇರಿತ್ತು. ಹೆಂಗಸರ ಪದಕಗಳು ಬಂದದ್ದು 1992ರಲ್ಲಿ. 2009ರಲ್ಲಿ, ಆಕೆ ಸಾಯುವ ಕೆಲವೇ ತಿಂಗಳ ಮುಂಚೆ, ಐವತ್ತು ವರ್ಷದ ಹಿಂದೆ ಕಿತ್ತುಕೊಂಡಿದ್ದಕ್ಕೆ ಬದಲಾಗಿ ಒಂದು ಪದಕ ಕೊಟ್ಟರು.

ನಮ್ಮ ದೇಶಕ್ಕೂ ಇದು ಹೊಸದಲ್ಲ. ರವೀಂದ್ರನಾಥ ಠಾಕೂರರು 1929ರಲ್ಲಿ ತಕಗಾಕಿ ಎಂಬ ಜಪಾನಿ ಗುರುಗಳನ್ನು ಶಾಂತಿನಿಕೇತನಕ್ಕೆ ಕರೆಸಿ ಹುಡುಗಿಯರಿಗೂ ಜೂಡೊ ಹೇಳಿಸಿದರು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರ ತಾಯಿ ಅಮಿತಾ ಸೇನ್ ಅಲ್ಲಿ ಕಲಿತವರೇ. ನಮ್ಮಮ್ಮನಿಗೆ ಇದನ್ನು ಫೋನಿನಲ್ಲಿ ಹೇಳಿದ ಮೇಲೆ ಬಳೆಯ ಕೊರಗು ಸ್ವಲ್ಪ ಇಳಿಯಿತು. ನಮ್ಮ ಕರ್ನಾಟಕದಲ್ಲೇ ಬೆಳಗಾವಿ ಹತ್ತಿರದ ತುರಮುರಿಯ ರೈತರ ಮಗಳು ಮಲಪ್ರಭಾ ಜಾಧವ್ ಜೂಡೊ ಕಲಿತು, ಅದರ ಅಕ್ಕತಂಗಿಯಂತಿರುವ ಕುರಾಶ್ ಎಂಬ ಮಧ್ಯ ಏಷ್ಯಾದ ಕುಸ್ತಿಯಲ್ಲಿ 2018ರ ಏಷ್ಯನ್ ಕ್ರೀಡಾಕೂಟದ ಕಂಚು ತಂದಳು. ಮಣಿಪುರದ ಸುಶೀಲಾ ದೇವಿ ಕಾಮನ್‌ವೆಲ್ತ್ ಕೂಟದಲ್ಲಿ ಎರಡು ಸಲ, 2014 ಮತ್ತು 2022ರಲ್ಲಿ, ಜೂಡೊ ಬೆಳ್ಳಿ ಗೆದ್ದಳು.

ಇಷ್ಟೆಲ್ಲ ಹೇಳುವಷ್ಟರಲ್ಲಿ ನಾನು ಪೂರ್ತಿ ಪಕ್ಷ ಬದಲಾಯಿಸಿದ್ದೆ. ಆಗ ಯಜಮಾನರು ಮೊಬೈಲು ಹಿಡಿದು ಬಂದರು. "ನೋಡು, ನಿನ್ನ ಜೂಡೊ" ಎಂದರು. ಜಪಾನಿನ ಶಾಲೆಗಳಲ್ಲಿ 1983ರಿಂದ ಸುಮಾರು ಮೂವತ್ತು ವರ್ಷಗಳಲ್ಲಿ ಜೂಡೊ ಅಭ್ಯಾಸದ ವೇಳೆ ನೂರಕ್ಕೂ ಹೆಚ್ಚು ಮಕ್ಕಳು ಸತ್ತಿದ್ದರು. ನನ್ನ ಕೈಕಾಲು ತಣ್ಣಗಾಯಿತು. ಹುಟ್ಟಿದ ನಾಡಿನಲ್ಲೇ ಹೀಗಾದರೆ ನಮ್ಮ ಗೋಡೌನಿನ ಗತಿಯೇನು? ರಾತ್ರಿಯಿಡೀ ನಿದ್ದೆಯಿಲ್ಲ. ಮರುದಿನ ಮಗಳನ್ನು ಕಳಿಸದೆ ನಾನೊಬ್ಬಳೇ ಹೋಗಿ ಕೇಳಿದೆ.

ಮೇಷ್ಟ್ರಿಗೆ ಅದು ಗೊತ್ತಿತ್ತು. ಮುಚ್ಚಿಡಲಿಲ್ಲ. "ಹೆಚ್ಚಿನವು ತಲೆ ಪೆಟ್ಟು ತಾಯಿ, ಅದೂ ಹೊಸಬ ಮಕ್ಕಳದು. ಬೀಳೋದು ಸರಿಯಾಗಿ ಬರೋ ಮೊದಲೇ ದೊಡ್ಡವರು ಅವರನ್ನ ಹಿಂದಕ್ಕೆ ಕೆಡವ್ತಾರೆ" ಎಂದರು. ಗದ್ದ ಒತ್ತಿಕೊಳ್ಳದಿದ್ದರೆ ತಲೆ ನೆಲಕ್ಕೆ ಬಡಿಯುತ್ತದೆ. ಕೆಲವೊಮ್ಮೆ ಬಡಿಯದೆಯೇ, ರಭಸಕ್ಕೆ ಬುರುಡೆಯೊಳಗೆ ಮಿದುಳು ಅಲುಗಿ ರಕ್ತನಾಳ ಹರಿದು ರಕ್ತ ಹೆಪ್ಪುಗಟ್ಟುತ್ತದೆ. ಪೆಟ್ಟಾದ ಮಗು 'ತಲೆನೋವು' ಎಂದರೂ ಮತ್ತೆ ಅಂಕಣಕ್ಕಿಳಿಸಿದರೆ ಎರಡನೆಯ ಪೆಟ್ಟು ಪ್ರಾಣ ತೆಗೆಯಬಹುದು. ಈ ಲೆಕ್ಕ ಬಯಲಾದ ಮೇಲೆ ಜಪಾನಿನಲ್ಲಿ ಎಚ್ಚರ ಹೆಚ್ಚಿ ಸಾವುಗಳು ಬಹಳ ಕಡಿಮೆಯಾದವು. "ನೀವು ಒಂದೂವರೆ ತಿಂಗಳಿಗೆ ಬೇಜಾರಾದ್ರಿ. ನಾನು ಎರಡು ತಿಂಗಳಿಗೆ ಮೊದಲು ಯಾರನ್ನೂ ಕೆಡವೋಕೆ ಬಿಡಲ್ಲ" ಎಂದರು. ನಾನು ತಲೆ ತಗ್ಗಿಸಿದೆ. ನಾನು ಜಗಳಕ್ಕೆ ಹೋದದ್ದು ಯಾವುದಕ್ಕಾಗಿಯೋ ಅದೇ ನನ್ನ ಮಗಳ ತಲೆ ಕಾಯುತ್ತಿತ್ತು.

ಆದ್ದರಿಂದ ನಿಮ್ಮ ಊರಿನಲ್ಲಿ ಜೂಡೊ ತರಗತಿ ಇದ್ದು, ಮಕ್ಕಳನ್ನು ಸೇರಿಸುವ ಮನಸ್ಸಿದ್ದರೆ, ಪದಕ, ಬೆಲ್ಟಿನ ಬಣ್ಣ ಕೇಳಬೇಡಿ. ಚಪ್ಪಲಿ ಬಿಟ್ಟು ಹಾಸಿನ ಮೇಲೆ ನೀವೇ ಮೊಣಕಾಲೂರಿ ನೋಡಿ, ಕೆಳಗಿನ ಸಿಮೆಂಟು ತಾಕಿದರೆ ವಾಪಸು ಬನ್ನಿ. ಹಾಸುಗಳ ನಡುವೆ ಕಾಲ್ಬೆರಳು ಸಿಕ್ಕುವಂಥ ಸಂದಿ ಇರಬಾರದು. ಮೊದಲ ದಿನವೇ ಕೆಡವಲು ಕಲಿಸುವ ಮೇಷ್ಟ್ರು ಬೇಡ. ತಲೆಗೆ ಪೆಟ್ಟು ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿ. 'ಏನೂ ಆಗಲ್ಲಮ್ಮ' ಎಂದರೆ ಅಲ್ಲಿ ನಿಲ್ಲಬೇಡಿ. ಅಭ್ಯಾಸದ ದಿನ ಮಗು ತಲೆನೋವು, ವಾಂತಿ, ಮಂಕು ಎಂದರೆ ಶುಂಠಿ ಕಷಾಯ ಕೊಟ್ಟು ಮಲಗಿಸದೆ ಆಸ್ಪತ್ರೆಗೆ ಓಡಿ. ಮತ್ತೆ, ನೋಡಲು ಬರುವ ತಾಯಂದಿರನ್ನು ಒಳಗೆ ಬಿಡದ ತರಗತಿಯಾದರೆ, ಅದು ಜೂಡೊ ಆಗಲಿ ಭರತನಾಟ್ಯವಾಗಲಿ, ನಾನಂತೂ ಕಳಿಸುವುದಿಲ್ಲ.

ಕರಾಟೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಮೇಷ್ಟ್ರಿದ್ದರೆ ಅದೂ ಒಂದು ವಿದ್ಯೆಯೇ. ನನ್ನ ತಪ್ಪು ಏನೆಂದರೆ, ಸದ್ದು ಮಾಡುವುದೆಲ್ಲ ಬಲ, ನೆಲಕ್ಕೆ ಬೀಳುವುದೆಲ್ಲ ಸೋಲು ಎಂದುಕೊಂಡಿದ್ದು.

ಬೈಕಿನವನ ವಿಷಯ ಕೇಳುತ್ತೀರಿ, ಗೊತ್ತು. ಅವನು ದೀಪಾವಳಿಯ ಹೊತ್ತಿಗೆ ಮತ್ತೆ ಬಂದ. ಮಗಳು ಅವನನ್ನು ಕೆಡವಲಿಲ್ಲ, ಸಿನಿಮಾ ನೋಡಿ ಏನೇನೋ ಊಹಿಸಬೇಡಿ. ಎಳನೀರಿನ ಅಂಗಡಿ ಎದುರು ನಿಂತು, ತಿರುಗಿ, "ಏನ್ರೀ ಬೇಕು ನಿಮ್ಗೆ?" ಎಂದು ಬೀದಿಗೆ ಕೇಳುವಂತೆ ಕೂಗಿದಳಂತೆ. ಎಳನೀರಿನವರು ಮಚ್ಚು ಹಿಡಿದೇ ಹೊರಬಂದರು. ಅವನು ಗಾಡಿ ತಿರುಗಿಸಿದ. ಮೇಷ್ಟ್ರು ಹೇಳಿಕೊಟ್ಟದ್ದೂ ಅದನ್ನೇ: ಕೂಗು, ಜನರಿರುವ ಕಡೆ ಓಡು, ಮನೆಯಲ್ಲಿ ಹೇಳು, ಪಟ್ಟು ಕೊನೆಗೆ. ಈ ಸಲ ಅವಳು ಅವತ್ತೇ ಮನೆಗೆ ಬಂದು ನನಗೆ ಹೇಳಿದಳು. ನನಗೆ ಅದು ಹತ್ತು ಹೆಂಚು ಒಡೆದದ್ದಕ್ಕಿಂತ ಹೆಚ್ಚು.

ನನ್ನ ತಂಗಿಯ ಮಗ ಫಿಸಿಯೊಥೆರಪಿ ಓದುತ್ತಿದ್ದಾನೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈಗೆ ವ್ಯಾಯಾಮ ಹೇಳಿಕೊಡಲು ಬಂದವನು, "ದೊಡ್ಡಮ್ಮಾ, ನೆದರ್‌ಲೆಂಡ್ಸ್‌ನಲ್ಲಿ ಇದನ್ನ ಅಳೆದು ನೋಡಿದಾರೆ" ಎಂದ. 2007ರಲ್ಲಿ ಪ್ರಕಟವಾದ ಅಧ್ಯಯನವಂತೆ. ಜೂಡೊ ಬಲ್ಲವರನ್ನು ಮೊಣಕಾಲ ಮಟ್ಟದಿಂದ ಪಕ್ಕಕ್ಕೆ ಬೀಳಿಸಿದರು. ಕೈ ಊರಿ ತಡೆದಾಗ ಸೊಂಟಕ್ಕೆ ತಗಲುವ ಪೆಟ್ಟಿಗಿಂತ, ಉರುಳಿ ಬಿದ್ದಾಗ ತಗಲುವ ಪೆಟ್ಟು ಕಾಲುಭಾಗಕ್ಕೂ ಹೆಚ್ಚು ಕಡಿಮೆಯಿತ್ತು. ಸೊಂಟಕ್ಕೆ ಎಂದಾಗ ನನಗೆ ಅತ್ತೆಯವರ ನೆನಪಾಯಿತು. ಅವರಿಗೆ ಇದು ಒದಗುತ್ತಿತ್ತೇ? ಎಪ್ಪತ್ತಮೂರರಲ್ಲಿ, ಒದ್ದೆ ಬಚ್ಚಲಲ್ಲಿ? ಒದಗುತ್ತಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದರೆ ಒದಗುತ್ತಿತ್ತು. ಈಗ ಹಾಕಿಸಿದ್ದೇವೆ. ಪಾಚಿಗೆ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುತ್ತೇನೆ.

ನೀವು ಇದನ್ನು ಓದಿ ಮನೆಯಲ್ಲಿ ಒಬ್ಬರೇ ಬಿದ್ದು ನೋಡಬೇಡಿ, ದಮ್ಮಯ್ಯ. ಮೂಳೆ ಸವೆದವರಿಗೆ, ಕತ್ತು ಬೆನ್ನಿನ ತೊಂದರೆಯಿದ್ದವರಿಗೆ ಇದು ಆಗದು. ನಾನು ಕೈ ಮುರಿದು ಐದು ತಿಂಗಳಾದ ಮೇಲೆ, ಡಾಕ್ಟರನ್ನು ಕೇಳಿ, ಅವರು ಮೂಳೆಯ ಪರೀಕ್ಷೆ ಮಾಡಿಸಿ ಹೂಂ ಎಂದ ಮೇಲೆ ಗೋಡೌನಿಗೆ ಹೋದೆ. ನಲವತ್ತಾರು ವರ್ಷ, ಚೂಡಿದಾರ, ಮೇಲೆ ಮಗಳ ಹಳೆಯ ಅಂಗಿ. ಕಿಟಕಿಗಳಿಗೆ ಗೋಣಿಚೀಲ ಕಟ್ಟಿಸಿದ ಮೇಲೆಯೇ ಚಪ್ಪಲಿ ಬಿಟ್ಟದ್ದು.

ಮೊದಲ ಎರಡು ವಾರ ಮಲಗಿದಲ್ಲೇ ಗದ್ದ ಒತ್ತುವುದು, ತೋಳು ಬಡಿಯುವುದು, ಅಷ್ಟೆ. ಮೂರನೆಯ ವಾರ ಕುಕ್ಕರಗಾಲಲ್ಲಿ ಕೂತು ಪಕ್ಕಕ್ಕೆ. ಮಗಳು ನನ್ನ ಎದುರು ಮೊಣಕಾಲೂರಿ ಕೂತು ನನ್ನ ಬಲತೋಳಿನ ಬಟ್ಟೆ ಹಿಡಿದಳು. "ನಾನು ಹಿಡ್ಕೊಂಡಿದೀನಿ, ಬೀಳಮ್ಮಾ" ಎಂದಳು. ನನಗೆ ಆಗಲಿಲ್ಲ. ಹಿಂದೆ ಮಕ್ಕಳೆಲ್ಲ ಕಾಯುತ್ತಿದ್ದರು. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತರು. ಕಣ್ಣು ಮುಚ್ಚಿ ಬಿದ್ದೆ. ದೊಪ್ಪೆಂದಿತು. ಬಿದ್ದವಳು ನೋಡಿದರೆ ತೋಳಿನ ಬಟ್ಟೆ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

ಅವತ್ತು ಹನ್ನೊಂದು ಸಲ ಬಿದ್ದೆ. ಮರುದಿನ ಚಪಾತಿ ಲಟ್ಟಿಸಲು ತೋಳು ಏಳಲಿಲ್ಲ, ಉಪ್ಪಿಟ್ಟು ಮಾಡಿದೆ.